ಭದ್ರಾವತಿಯ ಶಿಲ್ಪಿ

ಬೆಂಕಿಯಿದ್ದಲ್ಲಿ ಹೊಗೆಯಿರುವುದು ಸಹಜ. ಅಡುಗೆಮನೆಯ ಒಲೆಯಾಗಲಿ, ಕಮ್ಮಾರನ ಕುಲುಮೆಯಾಗಲಿ, ಮೋಟಾರು ವಾಹನದ ಯಂತ್ರವಾಗಲಿ, ಉರುವಲನ್ನು ಉರಿಸಿ ಕೆಲಸ ಮಾಡುವ ಸಾಧನಗಳೆಲ್ಲವೂ ತಮ್ಮ ಹಿಂದೆ ಹೊಗೆಯನ್ನು ಬಿಟ್ಟುಹೋಗುತ್ತವೆ. ಬಹುಕಾಲದವರೆಗೆ ಮನುಷ್ಯನು ಈ ಹೊಗೆಯನ್ನು ಕುರಿತು ಚಿಂತಿಸಲಿಲ್ಲ. ಅದು ಗಾಳಿಯಲ್ಲಿ ಸೇರಿ ಕಣ್ಮರೆಯಾದರೆ ತನ್ನ ಹೊಣೆ ತೀರಿತೆಂದು ಭಾವಿಸಿದನು. ಆದರೆ ಹೊಗೆಯೆಂಬುದು ಬರಿಯ ಕಸವಲ್ಲ. ಅದರಲ್ಲಿ ಬೆಲೆಯುಳ್ಳ ವಸ್ತುಗಳೂ ಇರುತ್ತವೆ, ಕೇಡು ಮಾಡುವ ವಸ್ತುಗಳೂ ಇರುತ್ತವೆ. ಬೆಲೆಯುಳ್ಳದ್ದನ್ನು ಹಿಡಿದಿಟ್ಟುಕೊಳ್ಳುವುದು, ಕೇಡು ಮಾಡುವುದನ್ನು ತಡೆಯುವುದು, ಇವೆರಡೂ ವಿಜ್ಞಾನ ಬಲ್ಲವನ ಕರ್ತವ್ಯ. ಈ ಕರ್ತವ್ಯದ ಮೊದಲ ಪಾಠವನ್ನು ನಮ್ಮ ನಾಡು ಕಲಿತದ್ದು ಭದ್ರಾ ನದಿಯ ದಂಡೆಯ ಮೇಲೆ. ಕಲಿಸಿದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರು 1861ನೆಯ ಇಸವಿ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಚಿಕ್ಕ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಬೆಂಗಳೂರಿಗೆ ಬಂದು, ಅನುಕೂಲಸ್ಥರ ಮಕ್ಕಳಿಗೆ ಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ತನ್ನ ವಿದ್ಯಾಭ್ಯಾಸವನ್ನು ಮುಂದುವರಿಸಬೇಕಾಯಿತು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿ ಪಡೆದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಅಗ್ರಸ್ಥಾನವನ್ನು ಗಳಿಸಿದರು. ಮರುವರ್ಷವೇ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಅವರ ಸೇವೆ ಪ್ರಾರಂಭವಾಯಿತು.

ನೀರು ಅವರ ಮೊದಲ ವಿಷಯ. ಕಟ್ಟೆ ತುಂಬಿ ಕೋಡಿಯಲ್ಲಿ ಹರಿದುಹೋಗುತ್ತಿದ್ದ ನೀರನ್ನು ಕಂಡು ಅವರು ಸುಮ್ಮನಿರಲಿಲ್ಲ. ನೀರು ಏರಿದಾಗ ತಾವೇ ತೆರೆದುಕೊಂಡು, ಇಳಿದಾಗ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿ, 1903ರಲ್ಲಿ ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯದಲ್ಲಿ ಅಳವಡಿಸಿದರು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಸಂಗ್ರಹಿಸುವ ಉಪಾಯ ಅದಾಗಿತ್ತು. ವ್ಯರ್ಥವಾಗಿ ಹೋಗುವುದನ್ನು ತಡೆದು ಬಳಕೆಗೆ ತರಬೇಕೆಂಬುದು ಅವರ ಬುದ್ಧಿಯ ಮೂಲಗುಣ. ಮುಂದೆ ಅವರು ನೀರನ್ನು ಬಿಟ್ಟು ಕಬ್ಬಿಣಕ್ಕೆ ಕೈಯಿಟ್ಟಾಗಲೂ ಈ ಗುಣವೇ ಅವರಿಗೆ ದಾರಿ ತೋರಿಸಿತು.

1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕರೆಗೆ ಓಗೊಟ್ಟು ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾದರು, 1912ರಲ್ಲಿ ದಿವಾನರಾದರು. ಅವರು ದಿವಾನಗಿರಿ ನಡೆಸಿದ ಆರು ವರ್ಷಗಳಲ್ಲಿ ಕಾವೇರಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ಕಟ್ಟಡ ಮೇಲೇರಿತು, 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಬೇಸಾಯವೊಂದನ್ನೇ ನಂಬಿದ ನಾಡು ಮಳೆ ತಪ್ಪಿದ ವರ್ಷ ಹಸಿವಿಗೆ ಈಡಾಗುವುದನ್ನು ಅವರು ಬಲ್ಲವರಾಗಿದ್ದರು. ಕೈಗಾರಿಕೆ ಬೆಳೆಯದೆ ಬಡತನ ತೊಲಗದೆಂಬುದು ಅವರ ದೃಢವಾದ ನಂಬಿಕೆ. ಕೈಗಾರಿಕೆಗೆಲ್ಲ ತಾಯಿಯಂತಿರುವುದು ಕಬ್ಬಿಣ. ಆದುದರಿಂದ ಅವರ ದೃಷ್ಟಿ ಮಲೆನಾಡಿನ ಕಡೆಗೆ ತಿರುಗಿತು.

ಶಿವಮೊಗ್ಗಕ್ಕೆ ಸುಮಾರು ಹದಿನೆಂಟು ಕಿಲೋಮೀಟರು ದೂರದಲ್ಲಿ, ಭದ್ರಾ ನದಿಯ ತೀರದಲ್ಲಿ, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವನ್ನುಳ್ಳ ಒಂದು ಚಿಕ್ಕ ಊರಿತ್ತು. ಜನರು ಅದನ್ನು ಬೆಂಕಿಪುರವೆಂದು ಕರೆಯುತ್ತಿದ್ದರು. ಇಂದಿನ ಭದ್ರಾವತಿಯೇ ಆ ಊರು. ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ರೈಲುದಾರಿ ಅದರ ಪಕ್ಕದಲ್ಲಿಯೇ ಹಾದುಹೋಗಿತ್ತು. ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಉತ್ತಮವಾದ ಕಬ್ಬಿಣದ ಅದಿರಿತ್ತು, ಭಂಡಿಗುಡ್ಡದಲ್ಲಿ ಸುಣ್ಣಕಲ್ಲಿತ್ತು, ಭದ್ರೆಯಲ್ಲಿ ನೀರಿಗೆ ಬರವಿರಲಿಲ್ಲ. ಇಷ್ಟೆಲ್ಲ ಇದ್ದೂ ಒಂದು ದೊಡ್ಡ ಕೊರತೆಯಿತ್ತು. ಅದಿರನ್ನು ಕರಗಿಸಲು ಬೇಕಾದ ಕಲ್ಲಿದ್ದಲು ಮೈಸೂರು ಸಂಸ್ಥಾನದಲ್ಲಿ ಎಲ್ಲಿಯೂ ದೊರೆಯುತ್ತಿರಲಿಲ್ಲ. ದೂರದ ಬಂಗಾಳ ಬಿಹಾರಗಳಿಂದ ಅದನ್ನು ತರಿಸಿದರೆ ಕಬ್ಬಿಣಕ್ಕಿಂತ ಸಾಗಣೆಯ ವೆಚ್ಚವೇ ಹೆಚ್ಚಾಗುತ್ತಿತ್ತು.

ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಾಡಿತ್ತು. ಕಟ್ಟಿಗೆಯನ್ನು ಇದ್ದಿಲು ಮಾಡಿ ಅದರಿಂದ ಅದಿರನ್ನು ಕರಗಿಸಬಹುದಾಗಿತ್ತು. ಇದ್ದಿಲಿನಲ್ಲಿ ಗಂಧಕದ ಅಂಶ ತೀರ ಕಡಮೆಯಾದುದರಿಂದ ಹಾಗೆ ತಯಾರಾದ ಕಬ್ಬಿಣ ಉತ್ತಮವಾಗಿಯೂ ಇರುತ್ತದೆ. ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಇಂಜಿನಿಯರ್ ಸಿ. ಪಿ. ಪೆರಿನ್ ಮೊದಲಾದ ತಜ್ಞರು ಪರಿಶೀಲನೆ ನಡೆಸಿ ಯೋಜನೆಯನ್ನು ಸಿದ್ಧಪಡಿಸಿದರು. ಆದರೆ ಇಲ್ಲಿ ಇನ್ನೊಂದು ಪ್ರಶ್ನೆ ಎದುರಾಯಿತು. ಕಟ್ಟಿಗೆಯನ್ನು ಇದ್ದಿಲಾಗಿ ಮಾಡಿದಾಗ ಅದರ ತೂಕದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಇದ್ದಿಲು ಉಳಿಯುವುದಿಲ್ಲ. ಉಳಿದುದೆಲ್ಲ ಆವಿಯಾಗಿ, ಹೊಗೆಯಾಗಿ ಹೊರಟುಹೋಗುತ್ತದೆ. ಹಳ್ಳಿಯವರು ಕಟ್ಟಿಗೆಯನ್ನು ಗುಡ್ಡೆ ಹಾಕಿ ಮಣ್ಣು ಮೆತ್ತಿ ಸುಡುವಾಗ ಕಾಡಿನ ಮೇಲೆ ಕವಿಯುವ ಆ ದಟ್ಟವಾದ ಹೊಗೆಯಲ್ಲಿ ಮರದ ಹೆಚ್ಚಿನ ಭಾಗವೇ ಗಾಳಿಯ ಪಾಲಾಗುತ್ತದೆ. ಒಂದು ಸಂಸ್ಥಾನದ ಕಾಡನ್ನು ಹೀಗೆ ಗಾಳಿಗೆ ತೂರುವುದು ಸರಿಯೇ?

ಈ ಪ್ರಶ್ನೆಗೆ ಉತ್ತರವಾಗಿ ಯೋಜನೆಯಲ್ಲಿ ಸೇರಿದುದೇ ಮರವನ್ನು ಭಟ್ಟಿ ಇಳಿಸುವ ಕಾರ್ಖಾನೆ. ಆರಂಭದಲ್ಲಿ ಭದ್ರಾವತಿಯ ಉದ್ಯಮದ ಹೆಸರಿನಲ್ಲಿಯೇ ಕಬ್ಬಿಣದ ಜೊತೆಗೆ ಈ ಭಟ್ಟಿ ಇಳಿಸುವ ಕೆಲಸವೂ ಸೇರಿತ್ತು. ಅದರ ಕ್ರಮ ಹೀಗೆ: ಒಣಗಿಸಿದ ಕಟ್ಟಿಗೆಯನ್ನು ಗಾಳಿಯಾಡದ ಕಬ್ಬಿಣದ ಕೋಣೆಗಳಲ್ಲಿಟ್ಟು ಹೊರಗಿನಿಂದ ಕಾಯಿಸುತ್ತಾರೆ. ಗಾಳಿಯಿಲ್ಲದುದರಿಂದ ಕಟ್ಟಿಗೆ ಉರಿದು ಬೂದಿಯಾಗುವುದಿಲ್ಲ, ಇದ್ದಿಲಾಗಿ ಉಳಿಯುತ್ತದೆ. ಹೊರಬರುವ ಹೊಗೆಯನ್ನು ಕೊಳವೆಗಳಲ್ಲಿ ಹಾಯಿಸಿ ನೀರಿನಿಂದ ತಣಿಸುತ್ತಾರೆ. ತಣಿದ ಹೊಗೆ ಕಂದುಬಣ್ಣದ ದ್ರವವಾಗುತ್ತದೆ. ಆ ದ್ರವವನ್ನು ನಿಲ್ಲಲು ಬಿಟ್ಟರೆ ಮರದ ಡಾಂಬರು ಬೇರ್ಪಡುತ್ತದೆ. ಮಿಕ್ಕುದಕ್ಕೆ ಸುಣ್ಣವನ್ನು ಸೇರಿಸಿದಾಗ ಅದರಲ್ಲಿರುವ ಹುಳಿ, ಎಂದರೆ ಅಸಿಟಿಕ್ ಆಮ್ಲ, ಸುಣ್ಣದೊಡನೆ ಕೂಡಿ ಅಸಿಟೇಟ್ ಎಂಬ ಲವಣವಾಗುತ್ತದೆ. ಮತ್ತೆ ಭಟ್ಟಿ ಇಳಿಸಿದರೆ ಮರದ ಮದ್ಯಸಾರ ದೊರೆಯುತ್ತದೆ. ಕುಡಿದರೆ ಕಣ್ಣನ್ನೂ ಪ್ರಾಣವನ್ನೂ ತೆಗೆಯುವ ವಿಷವಾದರೂ ಬಣ್ಣ, ಮೆರುಗೆಣ್ಣೆ ಮುಂತಾದ ಉದ್ಯಮಗಳಿಗೆ ಈ ಮದ್ಯಸಾರ ಬಹಳ ಉಪಯುಕ್ತ. ದ್ರವವಾಗದೆ ಉಳಿದ ಅನಿಲವನ್ನೂ ಬಿಡದೆ ಉರುವಲಾಗಿ ಬಳಸಬಹುದು. ಹೀಗೆ ಆಕಾಶಕ್ಕೆ ಹೋಗಬೇಕಾಗಿದ್ದ ಹೊಗೆ ಪೀಪಾಯಿಗಳಲ್ಲಿ ತುಂಬಿ ಮಾರುಕಟ್ಟೆಗೆ ಹೋಗುವಂತಾಯಿತು.

ಯೋಜನೆ ಮಂಜೂರಾದುದು 1918ರಲ್ಲಿ. ಅದೇ ವರ್ಷದ ಕೊನೆಯಲ್ಲಿ, ಸರ್ಕಾರಿ ನೇಮಕಗಳ ನೀತಿಯ ವಿಷಯದಲ್ಲಿ ಉಂಟಾದ ಭಿನ್ನಾಭಿಪ್ರಾಯದ ಕಾರಣದಿಂದ, ವಿಶ್ವೇಶ್ವರಯ್ಯನವರು ದಿವಾನ ಪದವಿಯನ್ನು ಬಿಟ್ಟರು. ಕಾರ್ಖಾನೆಯ ಕಟ್ಟಡ ಅವರಿಲ್ಲದೆಯೇ ಮುಂದುವರಿಯಿತು. ಮೊದಲನೆಯ ಮಹಾಯುದ್ಧ ಆಗತಾನೆ ಮುಗಿದಿತ್ತು. ಯಂತ್ರಗಳು ವಿದೇಶಗಳಿಂದ ಬರಬೇಕಾಗಿದ್ದುವು. ಅವುಗಳ ಬೆಲೆ ಏರಿಹೋಗಿತ್ತು. ಅಂತೂ 1923ರ ಜನವರಿಯಲ್ಲಿ ಭದ್ರಾವತಿಯ ಊದುಕುಲುಮೆಯಿಂದ ಮೊದಲ ಕಬ್ಬಿಣ ಹರಿದುಬಂದಿತು. ಬೆಂಕಿಪುರವೆಂಬ ಹೆಸರು ಅಂದು ಹೊಸ ಅರ್ಥವನ್ನು ಪಡೆಯಿತು.

ಆದರೆ ಸಂತೋಷ ಬಹುಕಾಲ ಉಳಿಯಲಿಲ್ಲ. ಯುದ್ಧಕಾಲದಲ್ಲಿ ಏರಿದ್ದ ಕಬ್ಬಿಣದ ಬೆಲೆ ಯುದ್ಧಾನಂತರ ಕುಸಿಯಿತು. ಹೆಚ್ಚಿನ ಬೆಲೆಯ ಕಾಲದಲ್ಲಿ ಕಟ್ಟಿದ ಕಾರ್ಖಾನೆ ಕಡಮೆ ಬೆಲೆಯ ಕಾಲದಲ್ಲಿ ಮಾರಾಟಕ್ಕೆ ನಿಂತಿತು. ತಿಂಗಳು ತಿಂಗಳಿಗೂ ನಷ್ಟ ಬೆಳೆಯಿತು. ಪ್ರಜೆಗಳ ಹಣವನ್ನು ಕಾಡಿನಲ್ಲಿ ಸುರಿಯಲಾಗಿದೆಯೆಂದೂ, ಕಾರ್ಖಾನೆಯನ್ನು ಮುಚ್ಚುವುದೇ ಲೇಸೆಂದೂ ಟೀಕಿಸುವವರು ಹೆಚ್ಚಿದರು. ಆ ಮಾತುಗಳ ಬಾಣವೆಲ್ಲ ಯೋಜನೆಯನ್ನು ಕಲ್ಪಿಸಿದವರ ಕಡೆಗೇ ತಿರುಗಿತ್ತು. ಪದವಿಯಲ್ಲಿಲ್ಲದ ವಿಶ್ವೇಶ್ವರಯ್ಯನವರು ತಮಗೂ ಅದಕ್ಕೂ ಸಂಬಂಧವಿಲ್ಲವೆಂದು ದೂರ ನಿಲ್ಲಬಹುದಾಗಿತ್ತು. ಹಾಗೆ ಮಾಡಿದ್ದರೆ ಯಾರೂ ಅವರನ್ನು ದೂಷಿಸುತ್ತಿರಲಿಲ್ಲ. ಆದರೆ 1923ರಲ್ಲಿ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಬೇಕೆಂಬ ಕೋರಿಕೆ ಬಂದಾಗ, ಅರುವತ್ತು ದಾಟಿದ್ದ ಅವರು ಅದನ್ನು ಒಪ್ಪಿಕೊಂಡರು. ಗೆದ್ದರೆ ಕೀರ್ತಿ ಹಂಚಿಹೋಗುವ, ಸೋತರೆ ಅಪಕೀರ್ತಿಯೆಲ್ಲ ಒಬ್ಬರಿಗೇ ಸಲ್ಲುವ ಕೆಲಸ ಅದು.

ಅಧ್ಯಕ್ಷರು ಲೆಕ್ಕಪತ್ರಗಳಿಂದ ಕೆಲಸವನ್ನು ಪ್ರಾರಂಭಿಸಿದರು. ಪ್ರತಿಯೊಂದು ವಿಭಾಗದ ಖರ್ಚನ್ನೂ ಉತ್ಪನ್ನವನ್ನೂ ತೂಗಿ ನೋಡಿದರು. ಹೆಚ್ಚಿನ ಸಂಬಳದ ವಿದೇಶಿ ತಂತ್ರಜ್ಞರ ಸ್ಥಾನದಲ್ಲಿ ಕ್ರಮಕ್ರಮವಾಗಿ ನಮ್ಮವರನ್ನೇ ತರಬೇತು ಮಾಡಿ ನಿಲ್ಲಿಸಿದರು. ಬರಿಯ ಬೀಡುಕಬ್ಬಿಣವನ್ನು ಮಾರುವುದರಿಂದ ಲಾಭವಿಲ್ಲವೆಂದು ಕಂಡಾಗ, ಅದರಿಂದ ನೀರಿನ ಕೊಳವೆಗಳನ್ನು ಎರಕ ಹೊಯ್ಯುವ ವಿಭಾಗವನ್ನು ಬೆಳೆಸಿದರು. ಶಿಸ್ತು, ಸಮಯಪಾಲನೆ, ಮಿತವ್ಯಯಗಳು ಕಾರ್ಖಾನೆಯ ನಿತ್ಯದ ನಿಯಮಗಳಾದುವು. 1929ರಲ್ಲಿ ಅವರು ಅಧ್ಯಕ್ಷತೆಯಿಂದ ಬಿಡುಗಡೆ ಹೊಂದುವ ವೇಳೆಗೆ ಮುಚ್ಚಬೇಕೆಂಬ ಮಾತು ಅಡಗಿತ್ತು. ಮುಂದಿನ ದಶಕದಲ್ಲಿ ಭದ್ರಾವತಿಯಲ್ಲಿ ಉಕ್ಕು ತಯಾರಾಯಿತು; ಸಿಮೆಂಟ್ ಮತ್ತು ಕಾಗದದ ಕಾರ್ಖಾನೆಗಳೂ ತಲೆಯೆತ್ತಿದುವು. ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯ ಹಣವನ್ನು ವಿಶ್ವೇಶ್ವರಯ್ಯನವರು ಸ್ವಂತಕ್ಕೆ ಬಳಸಲಿಲ್ಲ. ಬೆಂಗಳೂರಿನಲ್ಲಿ ತರುಣರಿಗೆ ವೃತ್ತಿಶಿಕ್ಷಣ ನೀಡುವ ಸಂಸ್ಥೆಗೆ ಅದು ಸಂದಿತು. ಆ ಸಂಸ್ಥೆಗೆ ಅವರ ಹೆಸರಲ್ಲ, ಜಯಚಾಮರಾಜೇಂದ್ರ ಒಡೆಯರ ಹೆಸರು ಬಂದಿತು.

ಇಲ್ಲಿ ಒಂದು ಸತ್ಯವನ್ನು ಮರೆಮಾಡಬಾರದು. ಹೊಗೆಯಿಂದ ಬಂದ ಲಾಭ ಶಾಶ್ವತವಾಗಿ ನಿಲ್ಲಲಿಲ್ಲ. ಭದ್ರಾವತಿಯ ಕುಲುಮೆ ಹೊತ್ತಿದ 1923ರಲ್ಲಿಯೇ ಜರ್ಮನಿಯ ರಸಾಯನಶಾಸ್ತ್ರಜ್ಞರು, ಮರದ ಹಂಗಿಲ್ಲದೆ, ಅನಿಲಗಳನ್ನು ಅಧಿಕ ಒತ್ತಡದಲ್ಲಿ ಕೂಡಿಸಿ ಅದೇ ಮದ್ಯಸಾರವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದರು. ಅಗ್ಗವಾದ ಆ ಸರಕಿನ ಮುಂದೆ ಮರದ ಮದ್ಯಸಾರ ಲೋಕದ ಮಾರುಕಟ್ಟೆಯಲ್ಲಿ ಹಿಂದೆ ಬಿದ್ದಿತು. ಇತ್ತ ಇದ್ದಿಲಿಗಾಗಿ ಮಲೆನಾಡಿನ ಅಮೂಲ್ಯ ಮರಗಳು ಉರುಳಿದುವು. 1950ರ ದಶಕದಲ್ಲಿ ಜೋಗದ ವಿದ್ಯುತ್ತಿನಿಂದ ನಡೆಯುವ ಕುಲುಮೆಗಳು ಭದ್ರಾವತಿಗೆ ಬಂದ ಮೇಲೆ ಹಳೆಯ ಕ್ರಮ ಕ್ರಮೇಣ ಹಿಂದೆ ಸರಿಯಿತು. ಆದರೂ ಹೊಗೆಯನ್ನು ಹಾಗೆಯೇ ಬಿಡಬಾರದೆಂಬ ತತ್ತ್ವ ಸೋಲಲಿಲ್ಲ. ಅದು ಬೇರೆ ರೂಪದಲ್ಲಿ, ಬೇರೆ ಯಂತ್ರದಲ್ಲಿ ಮರಳಿ ಬರುವುದರಲ್ಲಿತ್ತು.

ಆ ಯಂತ್ರದ ಕಡೆಗೂ ವಿಶ್ವೇಶ್ವರಯ್ಯನವರ ದೃಷ್ಟಿ ಹರಿದಿತ್ತು. ಭಾರತದ ರಸ್ತೆಗಳಲ್ಲಿ ಓಡುವ ಮೋಟಾರು ವಾಹನಗಳನ್ನು ಭಾರತದಲ್ಲಿಯೇ ತಯಾರಿಸಬೇಕೆಂಬುದು ಅವರ ಇನ್ನೊಂದು ಹಂಬಲ. 1935ರಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಯೂರೋಪು ಮತ್ತು ಅಮೆರಿಕಗಳಿಗೆ ಪ್ರಯಾಣ ಮಾಡಿ, ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು, ವಿವರವಾದ ಯೋಜನೆಯೊಂದನ್ನು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅವರ ಜೊತೆಗೂಡಿದರು. ಬ್ರಿಟಿಷರ ಭಾರತ ಸರ್ಕಾರ ನೆರವು ನೀಡಲಿಲ್ಲ. ಬೆಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಬೇಕೆಂಬ ಆಸೆ ಕೈಗೂಡಲಿಲ್ಲ. ಆದರೆ ಬಿತ್ತಿದ ಬೀಜ ಹುಸಿಯಾಗಲಿಲ್ಲ. 1944ರಲ್ಲಿ ವಾಲ್‌ಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು.

1955ರಲ್ಲಿ ಭಾರತರತ್ನ ಪ್ರಶಸ್ತಿಯನ್ನು ಪಡೆದ ವಿಶ್ವೇಶ್ವರಯ್ಯನವರು ನೂರು ವರ್ಷಗಳ ಸಾರ್ಥಕ ಜೀವನವನ್ನು ನಡೆಸಿ 1962ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿಯಿದೆ. ಭದ್ರಾವತಿಯ ಕಾರ್ಖಾನೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು.

ಅವರು ಕನಸು ಕಂಡ ವಾಹನಗಳು ಇಂದು ನಾಡನ್ನು ತುಂಬಿವೆ. ಅವುಗಳೊಡನೆ ಹೊಗೆಯೂ ಬಂದಿದೆ. ಡೀಸೆಲ್ ಯಂತ್ರದೊಳಗಿನ ಅಧಿಕ ಶಾಖದಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಇವು ಶ್ವಾಸಕೋಶಗಳಿಗೆ ಕೇಡು, ಆಮ್ಲಮಳೆಗೂ ಕಾರಣ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ ಆರು ಎಂಬ ಕಟ್ಟುನಿಟ್ಟಾದ ನಿಯಮಗಳು ಜಾರಿಗೆ ಬಂದುವು. ಅಂದಿನಿಂದ ಹಲವು ಡೀಸೆಲ್ ಕಾರುಗಳಲ್ಲಿ ಇಂಧನದ ತೊಟ್ಟಿಯ ಜೊತೆಗೆ ಇನ್ನೊಂದು ಚಿಕ್ಕ ತೊಟ್ಟಿಯನ್ನು ಕಾಣುತ್ತೇವೆ. ಸಾಮಾನ್ಯವಾಗಿ ಅದರ ಮುಚ್ಚಳ ನೀಲಿಬಣ್ಣದ್ದು. ಅದರಲ್ಲಿರುವುದು ಡೀಸೆಲ್ ಅಲ್ಲ; ನೂರು ಭಾಗದಲ್ಲಿ ಮೂವತ್ತೆರಡೂವರೆ ಭಾಗ ಯೂರಿಯಾ, ಮಿಕ್ಕುದು ಲವಣಾಂಶ ತೆಗೆದ ಶುದ್ಧವಾದ ನೀರು. ರೈತರು ಗದ್ದೆಗೆ ಹಾಕುವ ಗೊಬ್ಬರದ ಮೂಲವಸ್ತುವೇ ಇದು. ಆದರೆ ಇಲ್ಲಿ ಬಳಸುವ ಯೂರಿಯಾ ಗೊಬ್ಬರಕ್ಕಿಂತ ಬಹಳ ಪರಿಶುದ್ಧವಾಗಿರಬೇಕು.

ಯಂತ್ರದಿಂದ ಹೊರಬರುವ ಬಿಸಿಹೊಗೆಯ ಕೊಳವೆಯಲ್ಲಿ ಈ ದ್ರವವನ್ನು ಅಳತೆಯರಿತು ಸಿಂಪಡಿಸುತ್ತಾರೆ. ಶಾಖಕ್ಕೆ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಅಮೋನಿಯಾ ಮತ್ತು ವಿಷಕರವಾದ ಆಕ್ಸೈಡುಗಳು ವೇಗವರ್ಧಕವೊಂದರ ಮೇಲೆ ಹಾಯುವಾಗ ಪರಸ್ಪರ ವರ್ತಿಸಿ ಸಾರಜನಕವಾಗಿಯೂ ನೀರಾವಿಯಾಗಿಯೂ ಮಾರ್ಪಡುತ್ತವೆ. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟಿರುವ ನಿರಪಾಯವಾದ ಸಾರಜನಕವೇ ಅದು. ತಿಳಿಯದವರು ಈ ದ್ರವವನ್ನು ಡೀಸೆಲ್ ತೊಟ್ಟಿಗೆ ಸುರಿದರೆ ಯಂತ್ರ ಕೆಡುತ್ತದೆ. ತೊಟ್ಟಿ ಬರಿದಾಗುವಂತೆ ಬಿಟ್ಟರೆ, ಮುನ್ನೆಚ್ಚರಿಕೆ ನೀಡಿದ ಮೇಲೆ, ವಾಹನವು ಮತ್ತೆ ಚಾಲೂ ಆಗದಂತೆ ಏರ್ಪಾಡಿರುತ್ತದೆ. ಗಾಳಿಯನ್ನು ಕೆಡಿಸದೆ ಓಡುವುದು ವಾಹನದ ಧರ್ಮವೆಂದು ಯಂತ್ರಕ್ಕೇ ಕಲಿಸಿದಂತಾಗಿದೆ.

ಒಂದು ವಿಚಿತ್ರವನ್ನು ಗಮನಿಸಬೇಕು. ಮರದ ಮದ್ಯಸಾರವನ್ನು ಹಿಂದೆ ತಳ್ಳಿದ ಅಧಿಕ ಒತ್ತಡದ ಆ ಜರ್ಮನ್ ರಸಾಯನವಿದ್ಯೆಯೇ ಅಮೋನಿಯಾವನ್ನೂ, 1922ರಿಂದ ಯೂರಿಯಾವನ್ನೂ ಕಾರ್ಖಾನೆಗಳಲ್ಲಿ ಹೇರಳವಾಗಿ ತಯಾರಿಸುವ ಮಾರ್ಗವನ್ನು ತೋರಿಸಿತು. ಒಂದು ಕಾಲದಲ್ಲಿ ಭದ್ರಾವತಿಯ ಸರಕಿಗೆ ಪ್ರತಿಸ್ಪರ್ಧಿಯಾದ ವಿಜ್ಞಾನವು ಇನ್ನೊಂದು ಕಾಲದಲ್ಲಿ ಭದ್ರಾವತಿಯ ಗಾಳಿಗೆ ರಕ್ಷಕನಾಯಿತು. ವಿಜ್ಞಾನ ಯಾರ ಸ್ವತ್ತೂ ಅಲ್ಲ. ಅದನ್ನು ಅರಿತು, ಕಾಲಕ್ಕೆ ತಕ್ಕಂತೆ ಬಳಸಿಕೊಳ್ಳುವ ನಾಡು ಮುಂದೆ ಹೋಗುತ್ತದೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ಇಂದು ಅಂತಹ ಕಾರೊಂದು ಸಾಗಿದಾಗ ಅದರ ಹಿಂದೆ ಕಣ್ಣಿಗೆ ಕಾಣುವ ಹೊಗೆ ಬಹಳ ಇರುವುದಿಲ್ಲ. ಅಂದು ಭದ್ರಾವತಿಯಲ್ಲಿ ಹೊಗೆಯಿಂದ ದ್ರವವನ್ನು ತೆಗೆದರು. ಇಂದು ದ್ರವದಿಂದ ಹೊಗೆಯನ್ನು ತೊಳೆಯುತ್ತಾರೆ. ಕ್ರಮಗಳು ಬೇರೆ, ಹಿಂದಿರುವ ವಿವೇಕ ಒಂದೇ. ತಾನು ಹೊತ್ತಿಸಿದ ಬೆಂಕಿಯ ಹೊಗೆಗೆ ತಾನೇ ಹೊಣೆಯೆಂದು ತಿಳಿಯುವುದು ಆ ವಿವೇಕ. ನಷ್ಟದಲ್ಲಿ ಮುಳುಗುತ್ತಿದ್ದ ಕಾರ್ಖಾನೆಯನ್ನು ತಮ್ಮದೇ ಹೊಣೆಯೆಂದು ಹೊತ್ತು ನಿಂತ ವಿಶ್ವೇಶ್ವರಯ್ಯನವರ ಬಾಳಿನಲ್ಲಿ ಬೆಳಗಿದುದೂ ಅದೇ.